ಅವನ ಹೆಸರಿನಲ್ಲಿ ಅವಳ ನೋಟ

"ಅಷ್ಟು ಒತ್ತಬೇಡ್ರೀ! ಕನ್ನಡಕ ಒಡೆದೀತು!"

ಅವಳು ಕೂಗಿದ ರಭಸಕ್ಕೆ ಅವನ ಕೈಯಲ್ಲಿದ್ದ ಹಳೆಯ ಬೈನಾಕ್ಯುಲರ್ ಜಾರಿತು. ಇಬ್ಬರೂ ಒಟ್ಟಿಗೆ ಹಿಡಿದರು. ಅದೇನೋ ಉಳಿಯಿತು... ಬೆರಳುಗಳು ಮಾತ್ರ ಬಿಡಲು ತಡಮಾಡಿದವು!

ಅವಳು ಅಪ್ಪನ ಅಂಗಡಿಯಲ್ಲಿ ಹಳೆಯ ಬೈನಾಕ್ಯುಲರ್ ರಿಪೇರಿ ಮಾಡುವವಳು. ಅವನು ವಸ್ತುಸಂಗ್ರಹಾಲಯದ ಹೊಸ ಅಧಿಕಾರಿ, ದಪ್ಪ ಕನ್ನಡಕದವನು.

"ಇದರ ನೋಟ ತುಂಬಾ ಅಗಲ ಅಂತಾರೆ. ನನಗೆ ಕೊಳವೆಯಲ್ಲಿ ಇಣುಕಿದ ಹಾಗಿದೆ."

"ಅದು ಕನ್ನಡಕ ಇಲ್ಲದವರಿಗೆ. ಕಣ್ಣು ಗಾಜಿಗೆ ಅಂಟಿದ್ರೇನೇ ಪೂರ್ತಿ ಕಾಣೋದು. ಕನ್ನಡಕ ಅಡ್ಡ ಬಂದ್ರೆ ಅಂಚೆಲ್ಲ ಮಾಯ." ಅವಳು ಇನ್ನೊಂದನ್ನು ಕೊಟ್ಟಳು. "ಇದು ಬರೀ ಆರು ಪಟ್ಟು ಹತ್ತಿರ ತೋರಿಸುತ್ತೆ. ನೋಟ ಸ್ವಲ್ಪ ಕಿರಿದು, ಆದ್ರೆ ಕನ್ನಡಕ ಹಾಕ್ಕೊಂಡ್ರೂ ಪೂರ್ತಿ ಕಾಣುತ್ತೆ, ಕಣ್ಣಿಗೆ ಹಿತ."

ಅವನು ಕಣ್ಣಿಗಿಟ್ಟ. ಎದುರು ಮಹಡಿಯಲ್ಲಿ ಬಟ್ಟೆ ಹರವುತ್ತಿದ್ದ ಅಜ್ಜಿ, ತಂತಿ, ಕೊನೆಯ ಕ್ಲಿಪ್ಪಿನವರೆಗೂ!

"ಅಯ್ಯೋ... ಎಲ್ಲಾ ಕಾಣ್ತಿದೆ!"

ಆ 'ಅಯ್ಯೋ'ಗೇ ಅವಳು ಸೋತಳು.

ಅವನು ವಾರಕ್ಕೆರಡು ಸಲ ಬರತೊಡಗಿದ. ಒಂದು ದಿನ ಅವಳು ಯಾರಿಗೂ ತೋರಿಸದ ನೋಟ್‌ಬುಕ್ ಕೊಟ್ಟಳು. ನಾಲ್ಕು ವರ್ಷದ ದುಡಿಮೆ! ಎದುರು ಗೋಡೆಗೆ ಸೀಮೆಸುಣ್ಣದ ಗೆರೆ ಎಳೆದು, ಎಪ್ಪತ್ಮೂರು ಬೈನಾಕ್ಯುಲರ್‌ಗಳಲ್ಲಿ ಎಷ್ಟೆಷ್ಟು ಅಗಲ ಕಾಣುತ್ತದೆ, ಎಷ್ಟು ಹೊತ್ತಿಗೆ ಕಣ್ಣು ನೋಯುತ್ತದೆ ಎಂದೆಲ್ಲ ತನ್ನದೇ ತಮಾಷೆಯ ಮಾತಲ್ಲಿ ಬರೆದಿದ್ದಳು.

"ನಮ್ಮಲ್ಲಿ ಬೈನಾಕ್ಯುಲರ್ ಪ್ರದರ್ಶನ ಇಡ್ತಿದ್ದೀವಿ, ಅದಕ್ಕೆ ಇದೇ ಬೇಕು. ನಿಮ್ಮ ಹೆಸರಲ್ಲೇ ಹಾಕ್ತೀನಿ," ಎಂದ.

ಪ್ರದರ್ಶನದ ಮೊದಲ ದಿನ ಅಪ್ಪನನ್ನೂ ಕರೆದುಕೊಂಡು ಹೋದಳು. ಗೋಡೆಯ ಮೇಲೆ ದೊಡ್ಡ ಅಕ್ಷರ: 'ಈ ದುರ್ಬೀನು ಸಿಡುಕಿನ ಅತ್ತೆಯಂತೆ. ಮನೆಯೆಲ್ಲ ಕಾಣುತ್ತದೆ, ನೆಮ್ಮದಿ ಮಾತ್ರ ಇಲ್ಲ.'

ಜನ ನಕ್ಕರು. ಅವಳೂ ನಕ್ಕಳು. ನನ್ನ ಮಾತು!

ಕೆಳಗೆ ಕಣ್ಣು ಹಾಯಿತು. ಬರಹ ಎಂದಿದ್ದಲ್ಲಿ... ಅವನ ಹೆಸರು.

ಮುಂದಿನ ಫಲಕದಲ್ಲೂ. ಅದರ ಮುಂದಿನದರಲ್ಲೂ!

"ಇದೇನು?" ಪಕ್ಕಕ್ಕೆ ಬಂದ ಅವನನ್ನು ಕೇಳಿದಳು.

"ಅಂಗಡಿಯವಳ ಹೆಸರು ಯಾಕೆ ಅಂದ್ರು ಮೇಲಿನವರು. ನಾನು..."

"ನೀವು?"

"ಸುಮ್ಮನಾದೆ."

ನಂಬಿಸಿ ಕತ್ತು ಕುಯ್ಯೋದು ಅಂದ್ರೆ ಇದೇನಾ? ಕಣ್ಣೀರು ಅವನೆದುರು ಬೀಳಬಾರದೆಂದು ತುಟಿ ಕಚ್ಚಿ ಹೊರಬಂದಳು. ಅಪ್ಪನೂ ಹಿಂದೆಯೇ ನಡೆದರು.

ಹತ್ತು ದಿನ ಅವಳು ಯಾವ ಗಾಜನ್ನೂ ಒರೆಸಲಿಲ್ಲ. ಅವನ ಫೋನ್ ಎತ್ತಲಿಲ್ಲ. ಕಳೆದುಹೋಗಿದ್ದು ಬರೀ ನೋಟ್‌ಬುಕ್ ಅಲ್ಲ... ಅವನ ಜೊತೆ ನಕ್ಕ ಪ್ರತಿ ಮಧ್ಯಾಹ್ನವೂ ಈಗ ಸುಳ್ಳೆನಿಸುತ್ತಿತ್ತು!

ಹನ್ನೊಂದನೆಯ ದಿನ ಅವನು ಬಂದು ಬಾಗಿಲಲ್ಲೇ ನಿಂತ.

"ಕದ್ದಿದ್ದು ನಾನೇ ಅಂತ ಬರೆದುಕೊಟ್ಟೆ. ಫಲಕಗಳೆಲ್ಲ ಬದಲಾದವು. ನನ್ನನ್ನ ಗೋದಾಮಿಗೆ ಹಾಕಿದ್ದಾರೆ."

"ಕನಿಕರ ಬೇಕಿತ್ತಾ?"

"ಇಲ್ಲ. ಒಂದು ಸುಳ್ಳು ಉಳಿದಿದೆ. ಮೇಲಿನವರಿಗೆ ಹೆದರಿ ಸುಮ್ಮನಾದೆ ಅಂತ ನೀವು ಅಂದುಕೊಂಡಿದ್ದೀರಿ. ಅಲ್ಲ... ಬರಹ ಚೆನ್ನಾಗಿದೆ ಅಂತ ಅವರು ಬೆನ್ನು ತಟ್ಟಿದಾಗ ನನಗೆ ಖುಷಿಯಾಯ್ತು. ಅದಕ್ಕೇ ಬಾಯಿ ಬಿಡಲಿಲ್ಲ."

ಅವಳು ತಲೆಯೆತ್ತಿದಳು. ಇಷ್ಟು ಕೆಟ್ಟ ನಿಜವನ್ನು ಯಾರು ತಾವಾಗಿ ಹೇಳುತ್ತಾರೆ?

"ಫಲಕದ ವಿಷಯ ನಿಜ ಕಣಮ್ಮ," ಒಳಗಿನಿಂದ ಅಪ್ಪ ಕೆಮ್ಮಿದರು. "ಬೆಳಿಗ್ಗೆ ಹೋಗಿ ನೋಡ್ಕೊಂಡು ಬಂದೆ. ನಿನ್ನ ಹೆಸರೇ ಇದೆ. ಒಂದು ಕಡೆ ಕೊಂಬು ತಪ್ಪಾಗಿತ್ತು, ಅದನ್ನೂ ಸರಿಮಾಡಿಸಿದೆ."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

"ನಿಮ್ಮನ್ನ ಪ್ರೀತಿಸ್ತೀನಿ," ಅವನು ಮೆಲ್ಲಗೆ ಹೇಳಿದ. "ಹೇಳೋ ಯೋಗ್ಯತೆ ಕಳ್ಕೊಂಡ ಮೇಲೆ ಹೇಳ್ತಿದ್ದೀನಿ."

"ನನಗೂ ಪ್ರೀತಿ ಇದೆ. ಅದಕ್ಕೇ ಇಷ್ಟು ನೋವು. ನಾನಿನ್ನೂ ಕ್ಷಮಿಸಿಲ್ಲ!"

"ಎಷ್ಟು ದಿನ ಬೇಕು?"

"ಗೊತ್ತಿಲ್ಲ."

"ದಿನಾ ಬಂದು ಕೇಳಲಾ?"

"ಕೇಳಬೇಡ..." ಅವಳು ಕಣ್ಣೊರೆಸಿಕೊಂಡು ಸ್ಟೂಲನ್ನು ಅವನತ್ತ ತಳ್ಳಿದಳು. "ಸುಮ್ನೆ ಬಾ."

ಮೊದಲ ಬಾರಿಗೆ ಏಕವಚನ! ಅವನು ಒಳಬಂದು ಸ್ಟೂಲಿನ ಮೇಲೆ ಕೂತುಬಿಟ್ಟ.