ಅಂಕಿ ಹೇಳುವ ಹೆಂಗಸು

"ಪುಸ್ತಕ ಬೇಡ ಪುಟ್ಟಿ, ನಂಬರ್ ಬೇಕು," ಎಂದರು ಡೆಸ್ಪಿನಾ ಮೇಡಂ.

ಅರೆತಿ ತನ್ನ ಅಜ್ಜಿಯ ಆರೋಗ್ಯ ಪುಸ್ತಕವನ್ನು ಮೆಡಿಕಲ್ ಸ್ಟೋರಿನ ಗಾಜಿನ ಮೇಜಿನ ಮೇಲೆ ಇನ್ನಷ್ಟು ಮುಂದಕ್ಕೆ ತಳ್ಳಿದಳು. ಅದರ ಮೂಲೆಗಳು ಸವೆದು ಬಟ್ಟೆಯಂತೆ ಮೆತ್ತಗಾಗಿದ್ದವು. ಒಳಗೆ ಹಾಳೆ ಹಾಳೆಗೂ ಡಾಕ್ಟರ ಕೈಬರಹ, ಅದರ ಕೆಳಗೆ ನೀಲಿ ಮೊಹರು.

"ಇದರಲ್ಲೇ ಇದೆ ಮೇಡಂ. ಹೃದಯದ್ದು ಒಂದು, ಬಿಳೀದು. ಕಾಲು ಊದೋದಕ್ಕೆ ಇನ್ನೊಂದು, ಚಿಕ್ಕದು."

"ಅದು ನಂಗೊತ್ತಿಲ್ವಾ? ಹತ್ತು ವರ್ಷದಿಂದ ಲಂಬ್ರಿನಿ ಅಜ್ಜಿಗೆ ನಾನೇ ಕೊಡ್ತಿರೋದು. ಇಷ್ಟು ದಿನ ಮೆಸೇಜಿನ ಜೊತೆ ಕಾಗದಾನೂ ನಡೀತಿತ್ತು, ಆದ್ರೆ ಹೋದ ತಿಂಗಳಿಂದ ಸರ್ಕಾರ ಕಾಗದ ನಿಲ್ಲಿಸಿಬಿಟ್ಟಿದೆ. ಡಾಕ್ಟರು ಕಂಪ್ಯೂಟರಲ್ಲಿ ಬರೀತಾರೆ. ಫೋನಿಗೆ ಮೆಸೇಜ್ ಬರುತ್ತೆ. ಅದರಲ್ಲಿ ಹದಿನಾರು ಅಂಕಿ ಇರುತ್ತೆ. ಅದನ್ನ ಒತ್ತಿದ್ರೆ ಮಾತ್ರ ನಾನು ಡಬ್ಬಿ ಕೊಡಬಹುದು."

"ನಮಗೆ ಮೆಸೇಜೇ ಬಂದಿಲ್ಲ."

ಮೇಡಂ ಕನ್ನಡಕ ಮೇಲೇರಿಸಿ ಪರದೆ ನೋಡಿದರು. "ಮಂಗಳವಾರ ಕಳಿಸಿದ್ದಾರೆ. ತಲುಪಿದೆ ಅಂತ್ಲೂ ಇದೆಯಲ್ಲ!"

"ಯಾರಿಗೆ ತಲುಪಿದೆ?"

"ಅದನ್ನ ಈ ಪುಣ್ಯಾತ್ಮ ನಂಗೆ ತೋರಿಸಲ್ಲ," ಎಂದು ಮೇಡಂ ಕಂಪ್ಯೂಟರಿನ ನೆತ್ತಿಗೆ ಮೊಟಕಿದರು.

ಹೊರಗೆ ಸ್ಕೂಲ್ ಬಸ್ಸು ಹಾರ್ನ್ ಹೊಡೆಯಿತು. ಅರೆತಿ ಪುಸ್ತಕ ಎತ್ತಿಕೊಂಡು ಓಡಿದಳು.

ಬಸ್ಸು ಬೆಟ್ಟದ ತಿರುವುಗಳನ್ನು ಒಂದೊಂದಾಗಿ ಹತ್ತುತ್ತಿತ್ತು. ಚೆಸ್ಟ್‌ನಟ್ ಮರಗಳು ಎಲೆ ಉದುರಿಸಲು ಶುರು ಮಾಡಿದ್ದವು. ಅರೆತಿ ಕಿಟಕಿಗೆ ಹಣೆ ಒತ್ತಿ ಯೋಚಿಸಿದಳು. ಅಜ್ಜಿಯ ಹತ್ತಿರ ಫೋನೇ ಇಲ್ಲ. ಇಲ್ಲದ ಫೋನಿಗೆ ಮೆಸೇಜು ತಲುಪುವುದು ಹೇಗೆ?

ಮನೆಯಲ್ಲಿ ಅಮ್ಮ ಮೇಕೆ ಹಾಲು ಸೋಸುತ್ತಿದ್ದಳು. ಒದ್ದೆ ಕೈಯನ್ನು ಒರೆಸಿಕೊಂಡು ತನ್ನ ಮೊಬೈಲ್ ನೋಡಿದಳು. ಅಪ್ಪನ ಮೊಬೈಲನ್ನೂ ನೋಡಿದಳು. ಒಂದರಲ್ಲಿ ಟೈರ್ ಅಂಗಡಿಯ ಜಾಹೀರಾತು, ಇನ್ನೊಂದರಲ್ಲಿ ಅದೂ ಇಲ್ಲ.

"ಹೆಲ್ಪ್‌ಲೈನಿಗೆ ಮಾಡ್ತೀನಿ," ಎಂದಳು ಅಮ್ಮ. ಫೋನಿನಲ್ಲಿ ಪಿಟೀಲು ಶುರುವಾಯಿತು. ಹಾಲು ಸೋಸಿ ಮುಗಿದರೂ ಪಿಟೀಲು ಮುಗಿಯಲಿಲ್ಲ. "ಮುಂದಿನ ಮಂಗಳವಾರ ಡಾಕ್ಟರಮ್ಮ ಊರಿಗೆ ಬರ್ತಾಳಲ್ಲ, ಅವಳನ್ನೇ ಕೇಳೋಣ."

"ಅಲ್ಲೀವರೆಗೆ ಅಜ್ಜಿಗೆ ಮಾತ್ರೆ?"

ಅಮ್ಮ ಮತ್ತೆ ಹೆಲ್ಪ್‌ಲೈನಿನ ನಂಬರ್ ಒತ್ತಿದಳು.

ಅಡುಗೆಮನೆಯ ಮೇಜಿನ ಹತ್ತಿರ ಅಜ್ಜಿ ಬಗ್ಗಿ ಕೂತಿದ್ದಳು. ಅವಳ ಮುಂದೆ ಬಿಳೀ ಮಾತ್ರೆ, ಕೈಯಲ್ಲಿ ಚೀಸ್ ಕತ್ತರಿಸುವ ಚಾಕು. ಟಕ್ ಅಂದಿತು. ಅರ್ಧ ಮಾತ್ರೆ ತಟ್ಟೆಯಲ್ಲಿ ಉಳಿಯಿತು, ಇನ್ನರ್ಧ ಹಾರಿ ಅರೆತಿಯ ಕಾಲ ಬಳಿ ಬಿತ್ತು.

"ಅಜ್ಜೀ! ಇದೇನು ಮಾಡ್ತಿದ್ದೀಯ?"

"ಶ್, ನಿಮ್ಮಮ್ಮಂಗೆ ಕೇಳುತ್ತೆ. ಎಷ್ಟೋ ದಿನದಿಂದ ಅರ್ಧ ಅರ್ಧಾನೇ ತಗೋತಿದ್ದೀನಿ. ನಾನೂ ಒಣಗಿ ಅರ್ಧ ಆಗಿದ್ದೀನಲ್ಲ, ಸಾಕು ಬಿಡು."

ಅರೆತಿಗೆ ನಗು ಬರಲಿಲ್ಲ. ಅಜ್ಜಿಯ ಕಾಲಿನಲ್ಲಿ ಅವಳ ಕಪ್ಪು ಬೂಟುಗಳಿರಲಿಲ್ಲ, ಅಪ್ಪನ ದೊಡ್ಡ ಚಪ್ಪಲಿಗಳಿದ್ದವು. ಅವುಗಳ ಪಟ್ಟಿಯೂ ಊದಿದ ಪಾದದೊಳಕ್ಕೆ ಕಚ್ಚಿಕೊಂಡಿತ್ತು. ಅರ್ಧ ಆಗಿದ್ದೀನಿ ಅಂತಾಳೆ, ಕಾಲು ನೋಡಿದರೆ ಎರಡರಷ್ಟಾಗಿದೆ!

"ಡಾಕ್ಟರಿಗೆ ಹೇಳಿದ್ಯಾ?"

"ಹೇಳಿದೆ. 'ಮೆಸೇಜ್ ಹೋಗಿದೆ ಅಜ್ಜಿ' ಅಂದ್ಲು. ಪಾಪ, ಓದಿದ ಹುಡುಗಿ. ಅವಳು ಹೋಗಿದೆ ಅಂದಮೇಲೆ ಹೋಗೇ ಇರುತ್ತೆ. ನಂದೇ ಏನೋ ತಪ್ಪಿರಬೇಕು ಅಂತ ಸುಮ್ಮನಾದೆ."

ಮರುದಿನ ಶನಿವಾರ. ಬ್ರೆಡ್ ತರಲು ಅರೆತಿ ಚೌಕದ ಕಾಫಿ ಅಂಗಡಿಗೆ ಹೋದಳು. ಪೇಟೆಯಿಂದ ಬರುವ ಬ್ರೆಡ್ಡು, ಕಾಗದ ಪತ್ರ, ಸುದ್ದಿ, ಎಲ್ಲವೂ ಇಳಿಯುವುದು ಅಲ್ಲೇ. ಅಂಗಡಿಯ ಸ್ಟೆರ್ಯೊ ತಾತ ಒಲೆಯ ಮುಂದೆ ನಿಂತು ಕಾಫಿ ಉಕ್ಕದಂತೆ ಕಾಯುತ್ತಿದ್ದ. ಕಿಟಕಿಯ ಹತ್ತಿರ ಫೋತಿಸ್ ತಾತ ಮತ್ತು ಇನ್ನೊಬ್ಬ ಮುದುಕ ದಾಳ ಉರುಳಿಸುತ್ತಿದ್ದರು.

ಮೂಲೆಯಲ್ಲಿದ್ದ ಹಳೇ ಕಪ್ಪು ಫೋನು ಟ್ರಿಣ್ ಟ್ರಿಣ್ ಎಂದಿತು.

ಸ್ಟೆರ್ಯೊ ತಾತ ರಿಸೀವರ್ ಎತ್ತಿ ಸ್ವಲ್ಪ ಹೊತ್ತು ಕೇಳಿಸಿಕೊಂಡ. "ನಮಗೇನೂ ಬೇಡ ತಾಯಿ! ಲಾಟರಿನೂ ಬೇಡ, ನಿನ್ನ ಕರೆಂಟ್ ಕಂಪನೀನೂ ಬೇಡ!" ಎಂದು ಕುಕ್ಕಿದ. ಅಷ್ಟರಲ್ಲಿ ಕಾಫಿ ಉಕ್ಕಿ ಒಲೆಯ ಮೇಲೆ ಚುಂಯ್ ಎಂದಿತು.

"ನಿನ್ನ ಪ್ರೇಯಸಿನಾ?" ಎಂದ ಫೋತಿಸ್ ತಾತ.

"ಪ್ರೇಯಸಿಯಂತೆ! ಎರಡು ಅಕ್ಷರ, ಆಮೇಲೆ ಬರೀ ಅಂಕಿ ಹೇಳ್ತಾಳೆ. ನಮಸ್ಕಾರ ಅಂದ್ರೆ ಏಳು ಅಂತಾಳೆ. ಯಾರಮ್ಮ ನೀನು ಅಂದ್ರೆ ಮೂರು, ಸೊನ್ನೆ ಅಂತಾಳೆ. ಬೈದ್ರೂ ನಿಲ್ಲಿಸಲ್ಲ. ಈಸ್ಟರ್ ಆದಮೇಲಿಂದ ಇದೇ ಗೋಳು."

ಇಬ್ಬರೂ ನಕ್ಕರು. ಅರೆತಿಯೂ ನಕ್ಕಳು. ಬ್ರೆಡ್ ಕಂಕುಳಲ್ಲಿಟ್ಟುಕೊಂಡು ಅರ್ಧ ದಾರಿ ಬಂದವಳು ನಿಂತುಬಿಟ್ಟಳು.

ಈಸ್ಟರ್ ಆದಮೇಲೆ. ಆಗಲೇ ಅಲ್ಲವೇ ಲ್ಯಾಪ್‌ಟಾಪ್ ಹಿಡಿದ ಆರೋಗ್ಯ ಇಲಾಖೆಯವನೊಬ್ಬ ಬಂದು ಅದೇ ಅಂಗಡಿಯಲ್ಲಿ ಕೂತು ಮುದುಕರ ಹೆಸರುಗಳನ್ನೆಲ್ಲ ಬರೆದುಕೊಂಡು ಹೋಗಿದ್ದು? ಆದರೆ ಮೆಸೇಜು ಅಂದರೆ ಓದುವಂಥದ್ದು. ಆ ಫೋನಿಗೆ ಪರದೆಯೇ ಇಲ್ಲ. ಅವಳು ಮನೆಗೆ ಓಡಿದಳು.

"ಅಜ್ಜೀ, ಆ ಲ್ಯಾಪ್‌ಟಾಪಿನವರು ಫೋನ್ ನಂಬರ್ ಕೇಳಿದ್ರಾ?"

"ಕೇಳಿದ್ರು. ಕೊಟ್ಟೆ."

"ಯಾವ್ದು ಕೊಟ್ಟೆ?"

ತನ್ನ ಹುಟ್ಟಿದ ದಿನವೇ ನೆನಪಿಲ್ಲದ ಅಜ್ಜಿ ಹತ್ತು ಅಂಕಿಗಳನ್ನು ಒಂದೇ ಉಸಿರಿನಲ್ಲಿ ಹೇಳಿದಳು.

"ಅದು ಕಾಫಿ ಅಂಗಡಿದು!"

"ಹೂಂ. ಫೋನ್ ನಂಬರ್ ಕೇಳಿದ್ರು, ಊರ ಫೋನು ಅದೇ ತಾನೆ?" ಅಜ್ಜಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. "ನಿಮ್ಮ ತಾತ ಜರ್ಮನೀಲಿ ಕಾರ್ಖಾನೆಗೆ ಸೇರಿದಾಗ ಪ್ರತಿ ಕಾಗದದಲ್ಲೂ ಅದನ್ನೇ ಬರೀತಿದ್ದೆ. ಭಾನುವಾರ ಚರ್ಚ್ ಮುಗಿಸ್ಕೊಂಡು ಹೋಗಿ ಫೋನಿನ ಪಕ್ಕದ ಕುರ್ಚೀಲಿ ಕೂರೋದು. ಬೇರೆಯವರಿಗೆ ಬಂದ್ರೆ ಮಕ್ಕಳು ಓಡಿಹೋಗಿ ಕರ್ಕೊಂಡು ಬರೋರು. ನನ್ನೊಬ್ಬಳದಲ್ಲ, ಎಲ್ಲರದ್ದೂ ಅದೇ ನಂಬರು. ಫೋತಿಸ್, ಅಸಿಮಿನಾ, ಎಲ್ಲರೂ ಅದನ್ನೇ ಬರೆಸಿದ್ವಿ."

ಅಮ್ಮನ ಮೊಬೈಲ್ ಹಿಡಿದು ಅರೆತಿ ಮತ್ತೆ ಚೌಕಕ್ಕೆ ಓಡಿದಳು. ಅಲ್ಲಿ ಅಪ್ಪ ಚೀಸ್ ಡಬ್ಬಗಳನ್ನು ಪಿಕಪ್ ಗಾಡಿಗೆ ತುಂಬುತ್ತಿದ್ದ. ಇನ್ನು ಸ್ವಲ್ಪ ಹೊತ್ತಿಗೆ ಪೇಟೆಗೆ ಇಳಿಯುತ್ತಾನೆ. ಮೆಡಿಕಲ್ ಸ್ಟೋರ್ ಮಧ್ಯಾಹ್ನಕ್ಕೆ ಮುಚ್ಚುತ್ತದೆ.

"ಅಪ್ಪಾ, ನಿಲ್ಲು! ನಾನು ಬರೋವರೆಗೆ ಹೋಗ್ಬೇಡ!"

ಅಂಗಡಿಯ ಬಾಗಿಲಲ್ಲೇ ನಿಂತು ಅವಳು ಡೆಸ್ಪಿನಾ ಮೇಡಂಗೆ ಫೋನ್ ಮಾಡಿದಳು. ಅಂಕಿ ಹೇಳುವ ಹೆಂಗಸಿನ ವಿಷಯವನ್ನೆಲ್ಲ ಹೇಳಿದಳು. ಮೇಡಂ ಜೋರಾಗಿ ನಕ್ಕರು. "ಹಳೇ ಫೋನಿಗೆ ಮೆಸೇಜ್ ಹೋದ್ರೆ ಯಂತ್ರಾನೇ ಕರೆ ಮಾಡಿ ಓದಿ ಹೇಳುತ್ತೆ ಅಂತ ಕೇಳಿದ್ದೆ. ನಂಬರ್ ನಂಗೆ ಕಾಣಲ್ಲ ಪುಟ್ಟಿ, ಆದ್ರೆ ಮತ್ತೆ ಕಳಿಸು ಅಂತ ಒತ್ತಬಹುದು. ಒತ್ತಲಾ?"

"ಒಂದು ನಿಮಿಷ! ಸ್ಟೆರ್ಯೊ ತಾತ, ಪೆನ್ಸಿಲ್! ಈಗ ಅಂಕಿ ಹೇಳೋಳು ಫೋನ್ ಮಾಡ್ತಾಳೆ. ದಯವಿಟ್ಟು ಇಡಬೇಡಿ!"

"ಅಯ್ಯೋ, ಇವಳಿಗೂ ಪರಿಚಯನಾ ಅವಳು?" ಎಂದ ಸ್ಟೆರ್ಯೊ ತಾತ. ಆದರೂ ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆದುಕೊಟ್ಟ.

ಫೋನು ಬಡಿದುಕೊಂಡಿತು. ಅರೆತಿ ಎತ್ತಿದಳು. ಮೊದಲು ಅಜ್ಜಿಯ ಹೆಸರಿನ ಮತ್ತು ಮನೆತನದ ಮೊದಲಕ್ಷರ, ಲ, ಮ. ಆಮೇಲೆ ಅಂಕಿಗಳು. ಆ ಹೆಂಗಸಿನ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಪ್ರೀತಿಯೂ ಇರಲಿಲ್ಲ. ಕಿಟಕಿಯ ಹತ್ತಿರ ಫೋತಿಸ್ ತಾತ ದಾಳವನ್ನು ಅಂಗೈಯಲ್ಲೇ ಹಿಡಿದು ಕೂತ. ಒಂಬತ್ತನೆಯ ಅಂಕಿ ಅರೆತಿಗೆ ತಪ್ಪಿಹೋಯಿತು. ಹೆಂಗಸು ಮತ್ತೊಂದು ಸಲ ಮೊದಲಿನಿಂದ ಹೇಳಿದಳು. ಒಂಬತ್ತನೆಯದು ಸೊನ್ನೆ. ಹದಿನಾರೂ ಅಂಗಡಿಯಲ್ಲಿದ್ದ ಬ್ರೆಡ್ ಸುತ್ತುವ ಕಾಗದದ ಮೇಲೆ ಬಂದವು.

ಅದನ್ನು ಅವಳು ಮೊಬೈಲಿನಲ್ಲಿ ಓದಿ ಹೇಳಿದಳು. ಆ ಕಡೆ ಮೇಡಂ ಒಂದೊಂದೇ ಅಂಕಿ ಒತ್ತುವ ಸದ್ದು ಕೇಳಿಸಿತು.

"ತಗೋ, ಸಿಕ್ತು! ನಿಮ್ಮಪ್ಪನ್ನ ಕಳಿಸು."

ಅರೆತಿ ಚೌಕಕ್ಕೆ ಓಡಿ ಅಪ್ಪನಿಗೆ ವಿಷಯ ಕೂಗಿ ಹೇಳಿದಳು. ಅಪ್ಪ ಗಾಡಿ ಸ್ಟಾರ್ಟ್ ಮಾಡಿದ. ಅವಳು ಬ್ರೆಡ್ಡಿನ ಕಾಗದ ಮರೆತದ್ದು ನೆನಪಾಗಿ ಹಿಂದಕ್ಕೆ ಬಂದಾಗ ಅಂಗಡಿಯಲ್ಲಿ ಯಾರೂ ನಗುತ್ತಿರಲಿಲ್ಲ.

ಸ್ಟೆರ್ಯೊ ತಾತ ಫೋನನ್ನೇ ನೋಡುತ್ತಿದ್ದ. "ಎಷ್ಟು ಸಲ ಕುಕ್ಕಿದೀನೋ ನಾನು," ಎಂದ.

ಫೋತಿಸ್ ತಾತ ದಾಳವನ್ನು ಹಲಗೆಯ ಮೇಲೆ ಮೆಲ್ಲಗೆ ಇಟ್ಟ. "ನಂಗೆ ಮಾತ್ರೆ ಮುಗಿದು ಮೂರು ವಾರ ಆಯ್ತು."

"ಹೇಳೋದಲ್ವೇನೋ ಕತ್ತೆ!"

"ಏನಂತ ಹೇಳಲಿ? ವಯಸ್ಸಾಯ್ತು, ಇವನಿಗೆ ಇನ್ನು ಕೊಟ್ಟು ಏನು ಪ್ರಯೋಜನ ಅಂತ ಸರ್ಕಾರದವರೇ ನಿಲ್ಲಿಸಿದ್ರು ಅಂದ್ಕೊಂಡೆ." ಅವನು ಅರೆತಿಯ ಕಡೆ ತಿರುಗಿದ. ದನಿ ಸಣ್ಣದಾಗಿತ್ತು. "ನಂದೂ ಇದೆಯಾ ಅಂತ ಕೇಳ್ತೀಯಾ ಮಗಳೇ?"

ಅರೆತಿ ಮತ್ತೆ ಮೇಡಂಗೆ ಫೋನ್ ಮಾಡಿ ಕೇಳಿದಳು. ಇತ್ತು.

ಫೋನು ಮತ್ತೆ ಬಡಿದುಕೊಂಡಿತು. ಫೋನಿನ ಪಕ್ಕದ ಹುಲ್ಲು ಹೆಣೆದ ಕುರ್ಚಿಯ ಮೇಲೆ ಖಾಲಿ ಬಾಟಲಿಗಳ ಪೆಟ್ಟಿಗೆ ಇತ್ತು. ಸ್ಟೆರ್ಯೊ ತಾತ ಅದನ್ನು ನೆಲಕ್ಕಿಳಿಸಿ, ಟವೆಲಿನಿಂದ ಧೂಳು ಹೊಡೆದ. ಫೋತಿಸ್ ತಾತ ಟೋಪಿ ತೆಗೆದು ಆ ಕುರ್ಚಿಯಲ್ಲಿ ಕೂತು, ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದ.

"ಹೇಳಮ್ಮ," ಎಂದ. "ನಿಧಾನಕ್ಕೆ ಹೇಳು."

ಅವನು ಗಟ್ಟಿಯಾಗಿ ಹೇಳಿದ ಒಂದೊಂದು ಅಂಕಿಯನ್ನೂ ಸ್ಟೆರ್ಯೊ ತಾತ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಂಡ.

ಇಷ್ಟು ದಿನ ಆ ಅಂಕಿಗಳೆಲ್ಲ ಎಲ್ಲಿದ್ದವು, ಯಾರ ಕಂಪ್ಯೂಟರಿನೊಳಗೆ ಕಾಯುತ್ತಿದ್ದವು, ಅರೆತಿಗೆ ಇನ್ನೂ ತಿಳಿಯಲಿಲ್ಲ. ಅವಳು ಬ್ರೆಡ್ಡಿನ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡಳು. ಮೇಲಿನ ಓಣಿಯಲ್ಲಿ ಅಸಿಮಿನಾ ಅಜ್ಜಿಯ ಮನೆಯ ಬಾಗಿಲು ಮುಚ್ಚಿತ್ತು. ಈ ವಾರವಿಡೀ ಆಕೆ ಹೊರಗೆ ಬಂದದ್ದನ್ನು ಅರೆತಿ ನೋಡಿರಲಿಲ್ಲ.

ಅವಳು ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿ ಹೋಗಿ ಬಾಗಿಲು ತಟ್ಟಿದಳು.

"ಅಸಿಮಿನಾ ಅಜ್ಜೀ! ಅಂಗಡಿಗೆ ಬನ್ನಿ! ನಿಮಗೆ ಫೋನ್ ಬರುತ್ತೆ!"