ಮೂರನೆಯ ಅಂಕದ ಕರೆ

"ಏನು ಬರೆದಿದ್ದೆ ಅಂತ ಕೇಳ್ದೆ, ಅಷ್ಟೆ," ಎಂದ ಸೌಂಡು, ಮೇಕಪ್ ಕೋಣೆಯ ಬಾಗಿಲಲ್ಲೇ ನಿಂತು.

"ಏನೂ ಇರ್ಲಿಲ್ಲ. ಬೇರೆ ಯಾರಿಗೋ ಕಳಿಸೋದು ನಿಂಗೆ ಬಂತು," ಎಂದಳು ಅವಳು, ಕನ್ನಡಿಯಿಂದ ಕಣ್ಣು ಕೀಳದೆ.

"ನಾನು ಓದೋ ಮುಂಚೆನೇ ಡಿಲೀಟ್ ಮಾಡಿದೀಯ. ಕೈ ಚುರುಕು ನಿಂದು."

"ಹೂಂ. ಚುರುಕೇ."

ಅವನು ಬಾಗಿಲನ್ನು ಮೆತ್ತಗೆ ಮುಚ್ಚಿಕೊಂಡು ಹೋದ. ದಬಾರನೆ ಹಾಕಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ನಾಟಕ ತಂಡದಲ್ಲಿ ಎಲ್ಲರೂ ಅವನನ್ನು ಕರೆಯುವುದು ಸೌಂಡು ಎಂದೇ. ರಂಗದ ಮೇಲೆ ಕೇಳುವ ಗಾಳಿ, ಗಂಟೆ, ರಿಂಗು ಎಲ್ಲವೂ ಸಭಾಂಗಣದ ಹಿಂದೆ, ಮೇಲಿನ ಗಾಜಿನ ಗೂಡಿನಲ್ಲಿ ಕೂತ ಅವನ ಲ್ಯಾಪ್‌ಟಾಪಿನಿಂದಲೇ ಬರಬೇಕು. ಹೆಸರಿಗಷ್ಟೇ ಸೌಂಡು. ಬಾಯಿ ಬಿಟ್ಟರೆ ಮುತ್ತು ಉದುರಿಹೋಗುತ್ತದೇನೋ ಎಂಬಂತೆ ತುಟಿ ಬಿಗಿದುಕೊಂಡೇ ಇರುವ ಆಸಾಮಿ.

ಇವತ್ತು ಮಧ್ಯಾಹ್ನದ್ದು ಕೊನೆಯ ಪ್ರದರ್ಶನ. ನಾಳೆ ಬೆಳಿಗ್ಗೆ ಅವನು ಬಂದರಿಗೆ ಬಸ್ ಹತ್ತುತ್ತಾನೆ. ಅಲ್ಲಿಂದ ಪ್ರವಾಸಿಗರ ದೊಡ್ಡ ಹಡಗಿನಲ್ಲಿ ಎರಡು ವರ್ಷದ ಕೆಲಸ. ಸುದ್ದಿ ಕಿವಿಗೆ ಬಿದ್ದ ಸಂಜೆ ಅವಳು ಫೋನಿನಲ್ಲಿ 'ಹೋಗಬೇಡ' ಎಂದು ಬರೆದು ಕಳಿಸಿಬಿಟ್ಟಿದ್ದಳು. ಕಳಿಸಿದ ಉಸಿರಿನಲ್ಲೇ ಅದನ್ನು ಅಳಿಸಿಯೂ ಬಿಟ್ಟಿದ್ದಳು. ಅವನಿಗೆ ಉಳಿದದ್ದು, ಏನೋ ಇತ್ತು, ಈಗ ಇಲ್ಲ ಎಂದು ಹೇಳುವ ಬೂದು ಬಣ್ಣದ ಒಂದು ಸಾಲು. ಅಂದಿನಿಂದ ಇಬ್ಬರೂ ಮುಖ ಕೊಟ್ಟು ಮಾತಾಡಿರಲಿಲ್ಲ.

ನಾಟಕ ಬರೆದು ನಿರ್ದೇಶಿಸಿದವನು ಅವಳ ಸ್ವಂತ ಅಣ್ಣ. ಪಾತ್ರ ಒಂದೇ, ಅವಳದು. ಫೋನುಗಳು ಮಾತ್ರ ಮೂರು. ಮೊದಲ ಅಂಕದಲ್ಲಿ ಅಪ್ಪನ ಇಟ್ಟಿಗೆಯಂಥ ಫೋನನ್ನು ಕದ್ದು, ಏರಿಯಲ್ ಎಳೆದು ಒಬ್ಬ ಹುಡುಗನೊಡನೆ ಮಾತಾಡುವ ಹುಡುಗಿ. ಎರಡನೆಯದರಲ್ಲಿ ಗುಂಡಿಗಳ ಪುಟ್ಟ ಫೋನನ್ನು ದಿಂಬಿನಡಿ ಬಚ್ಚಿಡುವ ಗೃಹಿಣಿ. ಮೂರನೆಯದರಲ್ಲಿ ಗಾಜಿನ ಹಲಗೆಯಂಥ ಫೋನು, ನರೆತ ಕೂದಲು. ಆಗ ಮೊದಲ ಅಂಕದ ಹುಡುಗ ಎಷ್ಟೋ ವರ್ಷಗಳ ಮೇಲೆ ಕರೆ ಮಾಡುತ್ತಾನೆ. ಅವಳು ಹೆಸರು ನೋಡುತ್ತಾಳೆ, ಎತ್ತುವುದಿಲ್ಲ. ರಿಂಗು ನಿಲ್ಲುತ್ತದೆ, ಪರದೆ ಬೀಳುತ್ತದೆ. ಈ ಕೊನೆಯನ್ನು ಮುಟ್ಟಲು ಬಂದವರನ್ನು ಅಣ್ಣ ಕಣ್ಣಲ್ಲೇ ಸುಡುತ್ತಿದ್ದ.

ಫೋನು ಹಿಡಿಯುವುದನ್ನು ಕಲಿಸಿದವನು ಸೌಂಡು. "ಇಟ್ಟಿಗೆ ಹಿಡಿದಾಗ ಭುಜ ಮೇಲೇಳ್ಬೇಕು," ಎಂದಿದ್ದ ತಾಲೀಮಿನಲ್ಲಿ. "ಆಗೆಲ್ಲ ಜನ ಕೂಗ್ತಿದ್ರು, ಫೋನಿಲ್ಲದೇನೇ ಆ ಊರಿಗೆ ಕೇಳ್ಸೋ ಹಾಗೆ."

ಗುಂಡಿಗಳ ಫೋನನ್ನು ಅವಳ ಜೇಬಿಗೆ ಹಾಕಿಸಿ, ನೋಡದೆ ಹೆಬ್ಬೆರಳಲ್ಲೇ ಟೈಪ್ ಮಾಡು ಎಂದಿದ್ದ. ಒಂದು ಅಕ್ಷರಕ್ಕೆ ಮೂರು ಸಲ ಒತ್ತಬೇಕು. ಅವಳು ಅವನ ನಿಜವಾದ ಹೆಸರನ್ನೇ ಒತ್ತುತ್ತಾ ಕೂತಿದ್ದಳು.

"ಏನು ಬರೆದೆ?"

"ಹಾಲು. ಸೋಪು."

ಅವನ ನೋಟ ಅವಳ ಕೆನ್ನೆ ದಾಟಿ ಕಿವಿಯ ತುದಿಗೆ ಹೋಗಿ, ಅಲ್ಲೇ ತುಸು ಹೊತ್ತು ಕೂತಿತು. "ಕಿವಿ ಯಾಕೆ ಕೆಂಪಗಾಯ್ತು?"

"ಮೇಕಪ್ಪು."

"ಇನ್ನೂ ಹಚ್ಚೇ ಇಲ್ಲವಲ್ಲ," ಎಂದು ಅವನು ತನ್ನ ವೈರುಗಳ ಕಡೆ ತಿರುಗಿದ್ದ. ಆ ಬೆನ್ನು ನಗುತ್ತಿತ್ತು. ಬೆನ್ನೂ ನಗಬಲ್ಲದೆಂದು ಅವಳಿಗೆ ಗೊತ್ತಾದದ್ದು ಅವತ್ತೇ.

ಆ ಗುಂಡಿ ಫೋನಿನ ಕಾಲವೇ ಚೆನ್ನಾಗಿತ್ತು ಎಂದು ಅವಳಿಗೆ ಈಗ ಅನಿಸುತ್ತಿತ್ತು. ಅದರಲ್ಲಿ ಕಳಿಸಿದ್ದು ಕಳಿಸಿದ್ದೇ. ಬೆವರುತ್ತಾ ಉತ್ತರಕ್ಕೆ ಕಾಯಬೇಕಿತ್ತು. ಈ ಹೊಸ ಫೋನುಗಳನ್ನು ತನ್ನಂಥ ಪುಕ್ಕಲರಿಗೆಂದೇ ಮಾಡಿದ್ದಾರೆ.

ಮೂರನೆಯ ಅಂಕಕ್ಕೆ ಅವಳ ಸ್ವಂತ ಫೋನೇ ಗತಿ. ಆಟ ಶುರುವಾಗುವ ಮೊದಲು ಅದಕ್ಕೆ ಯಾವ ಕರೆಯೂ ಬರದಂತೆ ಫ್ಲೈಟ್ ಮೋಡಿಗೆ ಹಾಕಬೇಕೆಂದು ಅಣ್ಣನ ಕಟ್ಟಪ್ಪಣೆ. ರಿಂಗು ಸ್ಪೀಕರಿನಿಂದ ಬರುತ್ತದೆ. ಆದರೆ ಮೆಸೇಜ್ ಅಳಿಸಿದ ದಿನದಿಂದ ಅವಳು ಆ ಅಪ್ಪಣೆ ಪಾಲಿಸಿರಲಿಲ್ಲ. ಅವನಿಂದ ಏನಾದರೂ ಬಂದರೆ? ಆ ಆಸೆಯನ್ನು ತನಗೆ ತಾನೇ ಹೇಳಿಕೊಳ್ಳಲೂ ಅವಳಿಗೆ ನಾಚಿಕೆ.

ಮೊದಲೆರಡು ಅಂಕಗಳು ನೀರು ಕುಡಿದ ಹಾಗೆ ಮುಗಿದವು. ಪ್ರತಿ ರಿಂಗೂ ಅವಳ ಮಾತಿನ ಬಾಲಕ್ಕೇ ಬಂದು ಅಂಟಿಕೊಂಡಿತು. ಮೂರನೆಯ ಅಂಕದಲ್ಲಿ ಅವಳು ಕುರ್ಚಿಯಲ್ಲಿ ಕೂತಳು. ಫೋನು ಎದುರಿನ ಮೇಜಿನ ಮೇಲೆ.

"ಈ ಮನೇಲಿ ಈಗ ಯಾರೂ ಮಾತಾಡಲ್ಲ," ಎಂದಳು ಪಾತ್ರದ ದನಿಯಲ್ಲಿ. "ಎಲ್ರೂ ಅವರವರ ಅಂಗೈ ನೋಡ್ಕೊಂಡು ಕೂತಿರ್ತಾರೆ."

ಇಲ್ಲಿಗೆ ರಿಂಗು ಬರಬೇಕು. ಬರಲಿಲ್ಲ.

ಅವಳು ಶಾಲು ಸರಿಮಾಡಿಕೊಂಡಳು. ಮತ್ತೆ ಬಿಚ್ಚಿ ಮಡಚಿದಳು. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ರಂಗದ ಪಕ್ಕದಲ್ಲಿ ನಿಂತ ಅಣ್ಣ ಗೂಡಿನ ಕಡೆ ಕೈ ಬೀಸುತ್ತಿದ್ದ. ಅವಳೂ ಅತ್ತ ನೋಡಿದಳು. ಗೂಡಿನ ದೀಪ ಆರಿತ್ತು.

ಹೋಗಿಬಿಟ್ಟನೇ? ಕೊನೆಯ ರಿಂಗನ್ನೂ ಒತ್ತದೆ, ಒಂದು ಮಾತೂ ಹೇಳದೆ? ಅಷ್ಟು ಜನರ ಎದುರು ಅಳಬಾರದೆಂದು ಹಲ್ಲು ಕಚ್ಚಿ ಕೂತಳು.

ಫೋನು ರಿಂಗಾಯಿತು.

ಸ್ಪೀಕರಿನದಲ್ಲ. ಮೇಜಿನ ಮೇಲಿನ ಅವಳದೇ ಫೋನು, ತನ್ನ ತೆಳ್ಳನೆಯ ದನಿಯಲ್ಲಿ, ಹಲಗೆಯನ್ನು ನಡುಗಿಸುತ್ತಾ. ಬೆಳಗಿದ ಗಾಜಿನ ಮೇಲೆ 'ಸೌಂಡು' ಎಂದಿತ್ತು.

ಲ್ಯಾಪ್‌ಟಾಪ್ ಕೈಕೊಟ್ಟಿರಬೇಕು, ನಾಟಕ ಉಳಿಸಲು ಮಾಡುತ್ತಿದ್ದಾನೆ ಎಂದುಕೊಂಡಳು. ಅಣ್ಣನಿಗೂ ಹಾಗೇ ಅನಿಸಿತೇನೋ, ಹೋದ ಜೀವ ಬಂದವನಂತೆ ತಲೆಯಾಡಿಸಿದ. ಎತ್ತುವ ಹಾಗಿಲ್ಲ. ನೋಡುತ್ತಾ ಕೂತರೆ ಸಾಕು, ರಿಂಗು ತಾನಾಗಿ ನಿಲ್ಲುತ್ತದೆ, ಜನ ಚಪ್ಪಾಳೆ ಹೊಡೆಯುತ್ತಾರೆ. ನಾಳೆ ಬೆಳಿಗ್ಗೆ ಬಸ್ಸೂ ಹೊರಡುತ್ತದೆ. ಎತ್ತಿದರೆ ಅಣ್ಣನ ಪ್ರಾಣದಂಥ ನಾಟಕ ಅವಳ ಕೈಯಾರೆ ಹಾಳು.

ಇನ್ನೊಂದು ರಿಂಗು. ಮತ್ತೊಂದು.

ಅವಳು ಎತ್ತಿದಳು. ಪಕ್ಕದಲ್ಲಿ ಅಣ್ಣ ತಲೆ ಮೇಲೆ ಕೈಹೊತ್ತ.

"ಏನಾಯ್ತು? ಕೆಟ್ಟೋಯ್ತಾ?" ಎಂದಳು.

"ಎಲ್ಲ ಸರಿಯಾಗೇ ಇದೆ. ನಾನೇ ಒತ್ತಲಿಲ್ಲ." ಅವನ ಉಸಿರು ಕಿವಿಗೆ ತಾಗುವಷ್ಟು ಹತ್ತಿರವಿತ್ತು. ಕತ್ತಲ ಗೂಡಿನಲ್ಲಿ ಒಂದು ಕೆನ್ನೆಯ ಮೇಲೆ ಮಾತ್ರ ಫೋನಿನ ಬೆಳಕು.

"ಯಾಕೆ?"

"ನೀನು ಎತ್ತದಿದ್ರೆ ನಾಟಕ ನಾಟಕದ ಹಾಗೇ ಮುಗೀತಿತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ. ನಾನೂ ಹೊರಡ್ತಿದ್ದೆ."

"ಎತ್ತಿದೀನಲ್ಲ."

"ಹಾಗಾದ್ರೆ ಹೇಳು. ಅವತ್ತು ಏನು ಬರೆದಿದ್ದೆ?"

ಬೇರೆಯವರು ಬರೆದ ಮಾತನ್ನು ಎಷ್ಟು ಜನರ ಎದುರಿಗಾದರೂ ತಡವರಿಸದೆ ಆಡಿದವಳು. ತನ್ನದೇ ಒಂದು ಮಾತಿಗೆ ಫೋನನ್ನು ಎರಡೂ ಕೈಯಿಂದ ಹಿಡಿಯಬೇಕಾಯಿತು. ಸಭೆಯಲ್ಲಿ ಕೆಮ್ಮು ಕೂಡ ಇಲ್ಲ.

"ಹೋಗಬೇಡ ಅಂತ," ಎಂದಳು. ಅದು ರಂಗದ ದನಿಯಾಗಿರಲಿಲ್ಲ. ಆದರೂ ಕೊನೆಯ ಸಾಲಿನವರೆಗೆ ಕೇಳಿಸಿತು. "ಬರೆದು, ಹೆದರ್ಕೊಂಡು ಅಳಿಸ್ದೆ."

ಗೂಡಿನಲ್ಲಿ ಆ ಬೆಳಕು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿತು.

"ಮಾತಾಡು," ಎಂದಳು. "ನಿನ್ನ ಮಾತು ನಂಗೊಬ್ಬಳಿಗೇ ಕೇಳೋದು."

ಆಗ ಸೌಂಡು ಮಾತಾಡಿದ. ಎರಡು ಮಾತಿಗೆ ಸುಸ್ತಾಗುವವನು ನಿಲ್ಲಿಸದೆ ಮಾತಾಡಿದ. ಹಡಗಿನವರಿಗೆ ಇನ್ನೂ ಪಕ್ಕಾ ಹೂಂ ಎಂದಿಲ್ಲ, ಬಂದರಿಗೆ ಹೋಗಿಯೇ ಹೇಳುವುದಿತ್ತು ಎಂದ. ಅಳಿಸಿದ ಸಾಲು ನೋಡಿದ ರಾತ್ರಿ, ಇವಳಿಗೆ ನನ್ನನ್ನು ಬೈಯುವುದೂ ಬೇಡವಾಯಿತು ಎಂದುಕೊಂಡು ನಿದ್ದೆಗೆಟ್ಟೆ ಎಂದ.

"ಒಂದು ವಿಷಯ ಹೇಳ್ಲಾ?" ಎಂದ ಆಮೇಲೆ, ದನಿ ಇಳಿಸಿ. "ಪ್ರತಿ ಆಟದಲ್ಲೂ ಈ ರಿಂಗು ಒತ್ತೋನು ನಾನು. ಪ್ರತಿ ಸಲಾನೂ ನೀನು ನೋಡಿ ಸುಮ್ನಾಗ್ತೀಯ. ನಾಟಕ ಅಂತ ಗೊತ್ತು. ಆದ್ರೂ ಇವತ್ತು ಎತ್ತುತ್ತಾಳೇನೋ ಅಂತ ಪ್ರತಿ ಸಲಾನೂ ಕಾದಿದೀನಿ."

ಅವಳ ಕಣ್ಣೀರು ವಯಸ್ಸಿನ ಗೆರೆ ಬರೆದ ಕೆನ್ನೆಯ ಮೇಲೆ ಇಳಿಯಿತು. ಜನ ಅವಳ ಮುಖವನ್ನೇ ನೋಡುತ್ತಾ ಕೂತಿದ್ದರು. ತಲೆ ಮೇಲಿನ ಕೈಯನ್ನು ಅಣ್ಣ ಯಾವಾಗಲೋ ಇಳಿಸಿದ್ದ.

"ಹೋಗಲ್ಲ ತಾನೆ?" ಎಂದಳು ಕೊನೆಗೆ.

"ಇಲ್ಲ."

ರಿಂಗು ನಿಂತ ಮೇಲೆ ಪರದೆ ಬಿಡಬೇಕೆಂಬುದಷ್ಟೇ ಪರದೆಯ ಮಾಮನಿಗೆ ಗೊತ್ತಿದ್ದದ್ದು. ಫೋನು ಎತ್ತಿದ ಮೇಲೆ ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಅವರು ಹಗ್ಗ ಹಿಡಿದು ಅಣ್ಣನ ಮುಖ ನೋಡುತ್ತಿದ್ದರು. ಅಣ್ಣ, ತಡಿ ಎಂದು ಕೈ ಅಡ್ಡ ಹಿಡಿದ.

"ಪರದೆ ಬೀಳ್ತಾ ಇಲ್ಲ ಕಣೋ," ಎಂದಳು ಫೋನಿಗೆ, ಮೂಗು ಒರೆಸಿಕೊಳ್ಳುತ್ತಾ.

"ಬಿದ್ರೂ ಫೋನು ಇಡಬೇಡ," ಎಂದ ಅವನು. "ಕೆಳಗೆ ಬರ್ತಿದೀನಿ. ಬರೋವರ್ಗೂ ಮಾತಾಡ್ತಿರು."