ಚಮಚದ ಬೆನ್ನಿನ ಹಸಿರು

"ಒಂಚೂರು ನೀಲಿ ಜಾಸ್ತಿ ಆಯ್ತೇನೋ," ಎಂದ ಮಕಿನೊ.

ಅಷ್ಟು ಹೇಳಿ ಹಸಿರು ಬಣ್ಣ ಹಚ್ಚಿದ ಪ್ಲಾಸ್ಟಿಕ್ ಚಮಚದ ಬೆನ್ನನ್ನು ಕಿಟಕಿಯ ಬೆಳಕಿಗೆ ಇನ್ನೊಮ್ಮೆ ತಿರುಗಿಸಿದ. ಆಮೇಲೆ ತಪ್ಪು ತಾನೇ ಮಾಡಿದವನ ಹಾಗೆ ತಲೆ ತಗ್ಗಿಸಿ ನಿಂತ.

ಚಿಹಾರುವೂ ಚಮಚದತ್ತ ಬಗ್ಗಿ ನೋಡಿದಳು. ಹೋದ ಸಲ ಹಳದಿ ಜಾಸ್ತಿ ಎಂದಿದ್ದ. ಅದರ ಹಿಂದಿನ ಸಲ ಮಂಕು ಎಂದಿದ್ದ. ಮಂಕು ತೆಗೆದಳು, ಹಳದಿ ಇಳಿಸಿದಳು, ಈಗ ನೀಲಿಯಂತೆ. ಅವಳ ಕಣ್ಣಿಗೆ ಆ ನೀಲಿ ಕಾಣುತ್ತಲೇ ಇರಲಿಲ್ಲ. ಅವಳಿಗೆ ಭಯವಾದದ್ದು ಅದಕ್ಕೇ.

"ಬಿಡಿ ಮಕಿನೊಸಾನ್, ಇನ್ನೊಂದು ಬೆರೆಸ್ತೀನಿ. ಶನಿವಾರ ಬನ್ನಿ."

"ನಿಮಗೆ ತೊಂದರೆ ಕೊಡ್ತಾನೇ ಇದ್ದೀನಿ."

"ತೊಂದರೆ ಏನ್ ಬಂತು. ಇದೇ ಅಲ್ವಾ ನನ್ನ ಕೆಲಸ."

"ಹಾಗಾದ್ರೆ ಶನಿವಾರ," ಎಂದು ಕಣ್ಣೆತ್ತಿ ನೋಡಿದ. ಆ ನೋಟ ಒಂದು ಗಳಿಗೆ ಹೆಚ್ಚೇ ನಿಂತಿತು. ಪಾಪ, ಕಣ್ಣು ಹೋಗುತ್ತಿರುವವಳು ಎಂದು ಕನಿಕರಪಡುತ್ತಿದ್ದಾನೆ ಅಂದುಕೊಂಡಳು ಚಿಹಾರು. ಬಾಗಿಲ ಗಂಟೆ ಕಿಣಿಗುಟ್ಟಿತು, ಅವನು ಹೋದ. ಶನಿವಾರ ಇನ್ನೂ ಎಷ್ಟು ದೂರವಿದೆ ಎಂದು ಅವಳ ಹಾಳು ಮನಸ್ಸು ಆಗಲೇ ಎಣಿಸತೊಡಗಿತ್ತು.

ಜಪಾನಿನ ಶಿಜುಒಕಾದಲ್ಲಿ ಪುಟ್ಟ ಮಾದರಿ ಕಟ್ಟುವವರಿಗೆ ಬರವಿಲ್ಲ. ಹಡಗು ಕಟ್ಟುವವರಿದ್ದಾರೆ, ವಿಮಾನ ಕಟ್ಟುವವರಿದ್ದಾರೆ, ಹಳೆಯ ಸ್ಪೋರ್ಟ್ಸ್ ಕಾರಿನ ಬಿಡಿಭಾಗಗಳ ಕಿಟ್ ತಂದು ಬಾಗಿಲ ಹಿಡಿಕೆಯನ್ನೂ ಚಿಮಟದಲ್ಲಿ ಹಿಡಿದು ಬಣ್ಣ ಹಚ್ಚುವ ಪುಣ್ಯಾತ್ಮರಿದ್ದಾರೆ. ಕಿಟ್ ಯಾವ ಅಂಗಡಿಯಲ್ಲೂ ಸಿಗುತ್ತದೆ. ಎಲ್ಲೂ ಸಿಗದ ಬಣ್ಣ ಬೇಕಾದಾಗ ಅವರು ಹುಡುಕಿಕೊಂಡು ಬರುವುದು ಚಿಹಾರುವಿನ ಅಂಗಡಿಗೆ. 'ಬೇಕಾದ ಬಣ್ಣ ಬೆರೆಸಿ ಕೊಡುತ್ತೇವೆ' ಎಂಬ ಮರದ ಫಲಕ ಅವಳ ಅಪ್ಪ ಗೆನ್‌ಜೊ ಬರೆದು ತೂಗುಹಾಕಿದ್ದು. ಬೆರೆಸಿದ ಬಣ್ಣವನ್ನು ಏರ್‌ಬ್ರಷ್‌ನಿಂದ ಚಮಚದ ಬೆನ್ನಿಗೆ ಸಿಂಪಡಿಸಿ ಕಿಟಕಿಗೆ ಕಟ್ಟುವುದು ರೂಢಿ. ಕಾರಿನ ಮೈ ಉಬ್ಬುತಗ್ಗಿನದು. ಚಪ್ಪಟೆ ಹಾಳೆಯ ಮೇಲೆ ಬಣ್ಣ ಸುಳ್ಳು ಹೇಳಬಹುದು, ಚಮಚದ ಬೆನ್ನ ಮೇಲೆ ಹೇಳಲಾರದು.

ಮಕಿನೊ ಮೊದಲು ಬಂದದ್ದು ಕಳೆದ ಶರತ್ಕಾಲದಲ್ಲಿ. ಉದ್ದಕ್ಕೆ ಬೆಳೆದ ಆಳು, ಬಾಗಿಲಿಗೆ ತಲೆ ತಗಲಿಸಿಕೊಂಡೇ ಒಳಗೆ ಬಂದ. ಬಂದವನೇ ಅಂಗೈಯಗಲದ ತಗಡಿನ ಮುಚ್ಚಳವೊಂದನ್ನು ಮುಂದಿಟ್ಟ.

"ಈ ಬಣ್ಣ ಬೇಕು. ಇದೇ ಬೇಕು. ಹತ್ತಿರ ಹತ್ತಿರದ್ದು ಬೇಡ."

ಪೆಟ್ರೋಲ್ ತುಂಬುವ ಬಾಯಿಯ ಮುಚ್ಚಳ ಅದು. ಅವನ ಸೋದರತ್ತೆ ಪ್ರಾಯದಲ್ಲಿ ಕಡಲ ದಂಡೆಯ ರಸ್ತೆಯಲ್ಲಿ ಓಡಿಸುತ್ತಿದ್ದ ಎರಡೇ ಸೀಟಿನ ಕಾರಿನದು. ಕಾರು ಎಂದೋ ಗುಜರಿಗೆ ಹೋಗಿತ್ತು. ಅದರ ಕಿಟ್ ಸಿಕ್ಕಿದೆ, ಕಟ್ಟಿ ಅತ್ತೆಗೆ ಕೊಡಬೇಕು ಎಂದ.

"ಇದು ಆ ಬಣ್ಣ ಅಲ್ಲ," ಎಂದಳು ಚಿಹಾರು.

"ಅಲ್ಲ ಅಂದ್ರೆ? ಅದೇ ಕಾರಿನ ಮುಚ್ಚಳ ಇದು!"

"ಕಾರು ಅದೇ. ಬಣ್ಣ ಬಿಸಿಲು ತಿಂದಿದೆ." ಮುಚ್ಚಳವನ್ನು ಮಗುಚಿ ಕೀಲಿನ ಸಂದಿಯ ಜಿಡ್ಡು ಒರೆಸಿದಳು. ಅಲ್ಲಿ ಹಾಲು ಬೆರೆಸಿದ ಹಸಿರು ಚಹಾದಂಥ ಬಣ್ಣ ಇಷ್ಟೇ ಇಷ್ಟು ಉಳಿದಿತ್ತು. "ನೋಡಿ, ನಿಮ್ಮತ್ತೆ ಓಡಿಸಿದ್ದು ಇದು. ಇದನ್ನೂ ಹೀಗೇ ಹಚ್ಚೋ ಹಾಗಿಲ್ಲ. ಅಂಗೈ ಮೇಲಿನ ಕಾರಿಗೆ ದೊಡ್ಡ ಕಾರಿನ ಬಣ್ಣ ಹಚ್ಚಿದ್ರೆ ಕಪ್ಪಿಟ್ಟ ಹಾಗೆ ಕಾಣುತ್ತೆ. ಒಂದು ಹನಿ ಬಿಳಿ ಬೀಳ್ಬೇಕು."

"ಆಗ ಅದು ನಿಜವಾದ ಬಣ್ಣ ಆಗಲ್ಲ."

"ನಿಜದ ಹಾಗೆ ಕಾಣುತ್ತೆ."

"ನಿಜ ಬೇರೆ, ನಿಜದ ಹಾಗೆ ಕಾಣೋದು ಬೇರೆ."

"ಅಬ್ಬಬ್ಬಾ! ಏನ್ ಕೆಲಸ ಮಾಡ್ತೀರಿ ನೀವು, ಇಷ್ಟು ವಾದ ಮಾಡ್ತೀರಲ್ಲ?"

"ಹಲ್ಲು ಮಾಡ್ತೀನಿ."

"ಏನ್ ಮಾಡ್ತೀರಿ?"

"ಕಟ್ಟಿಸ್ಕೊಳ್ಳೋ ಹಲ್ಲು. ಡಾಕ್ಟರು ಅಚ್ಚು ಕಳಿಸ್ತಾರೆ, ನಾನು ಹಲ್ಲು ಮಾಡಿ ಕಳಿಸ್ತೀನಿ. ಪಕ್ಕದ ಹಲ್ಲಿಗಿಂತ ಒಂದೆಳೆ ಬಿಳಿ ಹೆಚ್ಚಾದ್ರೂ ವಾಪಸ್ ಬರುತ್ತೆ."

ಅವನು ಹೇಳಿದ ಗಾಂಭೀರ್ಯಕ್ಕೇ ಚಿಹಾರು ಬಾಯ್ತುಂಬ ನಕ್ಕುಬಿಟ್ಟಳು. ನಕ್ಕ ಮೇಲೆ ಮುಂದಿನ ಹಲ್ಲು ವಾರೆ ಇರುವುದು ನೆನಪಾಗಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ತಡವಾಗಿತ್ತು. ಅವನು ನೋಡಿಯಾಗಿತ್ತು. ಅವನ ಎರಡೂ ಕಿವಿ ಕೆಂಪಾದವು. ಅವತ್ತಿನಿಂದ ಅವನೆದುರು ಅವಳು ಬಾಯಿ ಮುಚ್ಚದೆ ನಕ್ಕಿದ್ದಿಲ್ಲ.

ಮೊದಲನೆಯ ಸೀಸೆಯನ್ನು ಅವಳು ಹಬ್ಬದಡಿಗೆಯ ಹಾಗೆ ಬೆರೆಸಿದ್ದಳು. ಹಸಿರು, ಹಳದಿ, ಅವಳ ಹಟದ ಒಂದು ಹನಿ ಬಿಳಿ. ಆದರೂ ಹಸಿರು ತುಸು ಚೂಪಾಗಿತ್ತು. ಸೂಜಿಯ ತುದಿಯಷ್ಟು ಕಾವಿ ಕೆಂಪು ತಾಗಿಸಿದಳು. ಹಸಿರು ಸಮಾಧಾನಕ್ಕೆ ಬಂತು. ಬಿಸಿಲಿಗೆ ಹಿಡಿದರೆ ಒಳಗಿನಿಂದ ಬೆಚ್ಚಗಾದ ಹಾಗೆ ಕಂಡಿತು. ಇದಕ್ಕಿಂತ ಸರಿಯಾದ ಬಣ್ಣ ತನ್ನ ಜನ್ಮದಲ್ಲಿ ಬೆರೆಸಿಲ್ಲ ಎಂದು ಅವಳಿಗೆ ಅನ್ನಿಸಿತ್ತು. ಮಕಿನೊ ಸೀಸೆ ಒಯ್ದ. ಮುಂದಿನ ಶನಿವಾರ ಚಮಚ ಹಿಡಿದು ಬಂದು, ನೆಲ ನೋಡುತ್ತ, "ಯಾಕೋ ಸ್ವಲ್ಪ ಮಂಕು," ಎಂದ.

ಬೇರೆ ಯಾರೇ ಹೇಳಿದ್ದರೂ ಜಗಳಕ್ಕೆ ನಿಲ್ಲುತ್ತಿದ್ದಳು. ಹಲ್ಲಿನ ಬಿಳಿಯಲ್ಲಿ ಒಂದೆಳೆ ವ್ಯತ್ಯಾಸ ಹಿಡಿಯುವವನ ಕಣ್ಣನ್ನು ಹೇಗೆ ಅನುಮಾನಿಸುವುದು? ತನ್ನದನ್ನೇ ಅನುಮಾನಿಸಿಕೊಂಡಳು. ಮೊದಲು ತೆಗೆದುಹಾಕಿದ್ದು ಆ ಕಾವಿಯನ್ನು.

ಅನುಮಾನಕ್ಕೆ ಕಾರಣವೂ ಇತ್ತು. ಅಪ್ಪ ಗೆನ್‌ಜೊ ಊರಿಗೇ ಹೆಸರಾದ ಬಣ್ಣಗಾರ. ಕಣ್ಣಿಗೆ ಪೊರೆ ಬಂದದ್ದು ಅವನಿಗೇ ತಿಳಿಯಲಿಲ್ಲ. ಲೋಕವೆಲ್ಲ ಹಳದಿಯಾಗಿ ಕಂಡು, ಅದನ್ನು ಸರಿಮಾಡಲು ಎಲ್ಲಕ್ಕೂ ನೀಲಿ ಸುರಿಯತೊಡಗಿದ. ಬಿಳಿ ಬಣ್ಣ ಬೇಕೆಂದವರಿಗೆ ನೀಲಿ ಬಣ್ಣ ಹೋಯಿತು. ಯಾರೋ ಒಬ್ಬರು ಮುಖದ ಮೇಲೇ ಹೇಳಿದ ದಿನ ಕುಂಚ ತೊಳೆದಿಟ್ಟು ಎದ್ದವನು, ಶಸ್ತ್ರಚಿಕಿತ್ಸೆಯಾಗಿ ಕಣ್ಣು ತಿಳಿಯಾದ ಮೇಲೂ ಬೆಂಚಿಗೆ ಮರಳಲಿಲ್ಲ. ಈಗ 'ನೀಲಿ ಜಾಸ್ತಿ' ಎಂಬ ಅದೇ ಮಾತು ಮಗಳ ಕಿವಿಗೆ ಬಿದ್ದಿತ್ತು. ಕಣ್ಣಿನ ಡಾಕ್ಟರು ಏನೂ ಇಲ್ಲ ಎಂದರು. ಅಪ್ಪನಿಗೂ ಮೊದಲು ಹಾಗೇ ಅಂದಿದ್ದರು. ಅಪ್ಪನಿಗೇ ಚಮಚ ತೋರಿಸೋಣವೆಂದರೆ ಆ ಹಳೆಯ ಗಾಯ ಕೆದಕಲು ಮನಸ್ಸು ಬರಲಿಲ್ಲ.

ಅವಳ ಪಾಡು ಬಿಸಿತುಪ್ಪದ್ದಾಯಿತು. ಬಣ್ಣ ಸರಿಯಾದರೆ ಮಕಿನೊ ಇನ್ನು ಬರುವುದಿಲ್ಲ. ತಪ್ಪಾದರೆ ಬರುತ್ತಾನೆ, ಬಂದು ನಿನ್ನ ಕಣ್ಣು ಹೋಯಿತು ಎಂದು ಸಾಕ್ಷಿ ಹೇಳುತ್ತಾನೆ. ಶುಕ್ರವಾರವೇ ತಲೆ ತೊಳೆದುಕೊಳ್ಳುವಳು, ಶನಿವಾರ ಥಿನ್ನರ್ ವಾಸನೆ ಹೋಗಲೆಂದು ಕೈಗೆ ನಿಂಬೆಸಿಪ್ಪೆ ಉಜ್ಜುವಳು. ಅವನು ಅತ್ತೆಯ ಹಿತ್ತಲಿನ ಕಿತ್ತಳೆ ತರುವನು, ಅವಳು ಚಹಾ ಬಸಿಯುವಳು. ಕಿತ್ತಳೆ ಸುಲಿಯುತ್ತ ಚಕ್ರದ ಕಡ್ಡಿಗೆ ಯಾವ ಬೆಳ್ಳಿ, ಸೀಟಿಗೆ ಯಾವ ಕಂದು ಎಂದು ಇಬ್ಬರೂ ಕಿತ್ತಾಡುವರು.

"ಸೀಟು ಹೊಳೀಬಾರದು. ನಿಮ್ಮತ್ತೆ ಅದರ ಮೇಲೆ ಕೂತಿದ್ರು ತಾನೆ?"

"ಅತ್ತೆ ತೆಳ್ಳಗಿದ್ರು."

"ತೆಳ್ಳಗಿರೋರು ಕೂತ್ರೆ ಸೀಟು ಸವೆಯಲ್ವಾ? ಒಳ್ಳೆ ಲೆಕ್ಕ!"

ಆಮೇಲೆ ಅವನು ಚಮಚ ತೆಗೆಯುವನು. ಅಲ್ಲಿಗೆ ಅವಳ ಶನಿವಾರ ಸುಟ್ಟು ಬೂದಿ. ಕಿಟಕಿಯ ತುಂಬ ತಪ್ಪು ಹಸಿರಿನ ಚಮಚಗಳು ತೋರಣದ ಹಾಗೆ ನೇತಾಡತೊಡಗಿದವು.

ಬೆಟ್ಟದ ಚಹಾ ತೋಟಗಳು ಚಿಗುರಿದ ಹೊತ್ತಿಗೆ ಅವಳ ಧೈರ್ಯ ಪೂರ್ತಿ ಬತ್ತಿತ್ತು.

"ಇದೇ ಕೊನೇ ಸೀಸೆ ಮಕಿನೊಸಾನ್," ಎಂದಳು ಒಂದು ದಿನ. "ಈ ವರ್ಷದ ಮಾದರಿ ಮೇಳ ಮುಗೀಲಿ, ಫಲಕ ಇಳಿಸ್ತೀನಿ. ಕಿಟ್ ಮಾರ್ಕೊಂಡು ಇರ್ತೀನಿ."

"ಯಾಕೆ?" ಅವನ ಕೈಯಲ್ಲಿದ್ದ ಕಿತ್ತಳೆ ಅಲ್ಲೇ ನಿಂತಿತು.

"ಅಪ್ಪನ ಕಣ್ಣೇ ನನಗೂ ಬಂದಿದೆ. ಆರು ತಿಂಗಳಿಂದ ಒಂದು ಹಸಿರು ಕೂಡಿಸೋಕಾಗಿಲ್ಲ. ನೀವೇ ನೋಡ್ತಿದ್ದೀರಲ್ಲ."

ಮಕಿನೊ ಕಿತ್ತಳೆಯನ್ನು ಬೆಂಚಿನ ಮೇಲಿಟ್ಟ. ಮುಖದಲ್ಲಿ ರಕ್ತವೇ ಇರಲಿಲ್ಲ. "ನಾನು... ಅದು..." ಎಂದ. ಬಾಗಿಲಿಗೆ ತಲೆ ಬಡಿದುಕೊಂಡು ಹೊರಟುಹೋದ. ಕೊನೆಯ ಸೀಸೆಯನ್ನೂ ಒಯ್ಯಲಿಲ್ಲ.

ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನದೂ. ಬೆರೆಸಲು ಬಾರದವಳ ಹತ್ತಿರ ಇನ್ನೇನು ಕೆಲಸ ಎಂದುಕೊಂಡಳು ಚಿಹಾರು. ಕಣ್ಣು ಹೋದರೆ ಹೋಗಲಿ, ಶನಿವಾರವಾದರೂ ಉಳಿಯಬಾರದಿತ್ತೇ ಎಂದು ಬೆಂಚಿಗೆ ಹಣೆ ಹಚ್ಚಿ ಅತ್ತಳು. ಗೆನ್‌ಜೊ ಚಹಾ ತಂದವನು ಅದನ್ನು ನೋಡಿ, ನೋಡದವನ ಹಾಗೆ ಒಳಗೆ ಹೋದ.

ಮೇಳದ ದಿನ ಅಪ್ಪನೇ ಎಬ್ಬಿಸಿದ. "ಹೋಗಿ ನೋಡ್ಕೊಂಡ್ ಬಾ."

"ಯಾವ ಮುಖ ಇಟ್ಕೊಂಡು ಹೋಗ್ಲಿ ಅಪ್ಪ?"

"ಮುಖ ಮನೇಲಿಟ್ಟು ಹೋಗು. ಕಣ್ಣು ತಗೊಂಡ್ ಹೋಗು. ಹೋಗ್ತಿದೆ ಅಂತ ಆ ಹುಡುಗನಿಗೆ ಹೇಳಿದ್ದು ನನಗೂ ಕೇಳಿಸ್ತು, ಇರೋವಾಗ ಒಂದ್ಸಲ ಕಣ್ತುಂಬ ನೋಡ್ಕೋ."

ಮೇಳದ ಹಜಾರದಲ್ಲಿ ಉದ್ದುದ್ದ ಮೇಜುಗಳು, ಮೇಜಿನ ತುಂಬ ಅಂಗೈಯಗಲದ ಕಾರುಗಳು, ಕಾರುಗಳ ಮೇಲೆ ಬಗ್ಗಿದ ತಲೆಗಳು. ಚಿಹಾರು ಯಾರ ಕಣ್ಣಿಗೂ ಬೀಳದಂತೆ ಗೋಡೆಗುಂಟ ನಡೆದಳು. ಎತ್ತರದ ಕಿಟಕಿಯಿಂದ ಬಿಸಿಲು ಬೀಳುವ ಕಡೆಯ ಮೇಜಿನ ಹತ್ತಿರ ಅವಳ ಕಾಲು ತಾನಾಗಿ ನಿಂತಿತು.

ಎರಡೇ ಸೀಟಿನ ಹಸಿರು ಕಾರು. ಹಾಲು ಬೆರೆಸಿದ ಚಹಾದ ಹಸಿರು. ಬಿಸಿಲಿಗೆ ಒಳಗಿನಿಂದ ಬೆಚ್ಚಗಾದಂಥ ಹಸಿರು.

ಆ ಬಿಸುಪು ಕಾವಿಯದು. ಸೂಜಿಯ ತುದಿಯ ಕಾವಿ. ಕಿಟಕಿಯ ತೋರಣದಲ್ಲಿ ಮೊದಲ ಚಮಚ ಬಿಟ್ಟರೆ ಬೇರೆ ಯಾವುದರ ಮೇಲೂ ಇಲ್ಲದ್ದು, ಒಂದೇ ಒಂದು ಸೀಸೆಗೆ ಅವಳು ಹಾಕಿದ್ದು. ಅವಳಿಗೆ ಅದು ಚೆನ್ನಾಗಿ ಕಂಡಿತು. ಕೂದಲೆಳೆಯಷ್ಟೂ ತಪ್ಪದೆ ಕಂಡಿತು. ಅಂದರೆ ಕಣ್ಣು ಸರಿಯಾಗಿದೆ. ಮೊದಲಿನಿಂದಲೂ ಸರಿಯಾಗಿಯೇ ಇತ್ತು.

"ಚೆನ್ನಾಗಿದೆ ಅಲ್ವೇನಮ್ಮಾ?" ಮೇಜಿನ ಪಕ್ಕದ ಮಡಿಸುವ ಕುರ್ಚಿಯಿಂದ ಮುದುಕಿಯೊಬ್ಬಳು ಕೇಳಿದಳು. ಬೆಳ್ಳಿಗೂದಲು, ಕತ್ತಿಗೆ ಕೆಂಪು ಸ್ಕಾರ್ಫ್. "ನನ್ನ ಕಾರು ಅದು. ಹೊಸ ವರ್ಷದಿಂದ ನನ್ನ ಟಿವಿ ಪಕ್ಕದಲ್ಲೇ ಇತ್ತು. ಈಗ ನಮ್ಮಣ್ಣನ ಮಗ ಶಿನ್ಯಾ ಬಂದು, ಅತ್ತೆ, ಎರಡು ದಿನ ಕೊಡಿ, ಯಾರಿಗೋ ತೋರಿಸ್ಬೇಕು ಅಂತ ಎತ್ಕೊಂಡು ಬಂದಿದ್ದಾನೆ. ಬಾಯಿ ಬಿಟ್ಟು ಹೇಳು ಅಂದ್ರೆ, ನೋಡಿದ್ರೆ ಅವಳಿಗೇ ಗೊತ್ತಾಗುತ್ತೆ ಅಂತಾನೆ."

"ಹೊಸ ವರ್ಷದಿಂದಾನಾ?"

"ಹೂಂ. ಇವನು ಮಾತ್ರ ಶನಿವಾರ ಬಂತೂಂದ್ರೆ ಬಣ್ಣದಂಗಡಿ ಬಣ್ಣದಂಗಡಿ ಅಂತ ಓಡ್ತಾನೆ. ನನ್ನ ಗಿಡದಲ್ಲಿ ಒಂದು ಕಿತ್ತಳೆ ಉಳಿಸಿಲ್ಲ."

ಹಿಂದೆ ಯಾರೋ ನಿಂತ ಹಾಗಾಯಿತು. ಮಕಿನೊ ಎರಡೂ ಕೈಯಲ್ಲಿ ಚಹಾ ಲೋಟ ಹಿಡಿದು ಕಂಬದ ಹಾಗೆ ನಿಂತಿದ್ದ. ಮುದುಕಿ ಇಬ್ಬರ ಮುಖವನ್ನೂ ನೋಡಿ, ತನ್ನ ಲೋಟ ಕಿತ್ತುಕೊಂಡು, "ನಾನು ಹಡಗು ನೋಡ್ಕೊಂಡ್ ಬರ್ತೀನಪ್ಪ," ಎಂದು ಎದ್ದು ಹೋದಳು.

"ಮೊದಲ್ನೇ ಸೀಸೆ," ಎಂದಳು ಚಿಹಾರು.

"ಹೌದು."

"ಮಂಕು ಅಂದ್ರಿ."

"ಸುಳ್ಳು ಹೇಳಿದೆ."

"ಹಳದಿ ಅಂದ್ರಿ. ನೀಲಿ ಅಂದ್ರಿ. ಕನ್ನಡಿ ಮುಂದೆ ನಿಂತು ದಿನಾ ಕಣ್ಣು ಅಗಲಿಸಿ ನೋಡ್ಕೊಂಡಿದ್ದೀನಿ, ಗೊತ್ತಾ ನಿಮಗೆ? ಆಕಾಶ ನೋಡಿದ್ರೂ ಇದು ನಿಜವಾದ ನೀಲೀನಾ ಅಂತ ಹೆದರಿದ್ದೀನಿ!"

"ನನಗೆ ಗೊತ್ತಿರ್ಲಿಲ್ಲ. ಗೊತ್ತಾದ ದಿನ ಹೇಳ್ಬೇಕಿತ್ತು, ಬಾಯೇ ಬರ್ಲಿಲ್ಲ." ಅವನು ಲೋಟವನ್ನು ಕಾರಿನ ಪಕ್ಕದಲ್ಲಿಟ್ಟ. "ನೀವು ಮೊದಲ್ನೇ ಸಲಾನೇ ಸರಿಯಾಗಿ ಬೆರೆಸಿಬಿಟ್ರಿ. ಸರಿ ಇದೆ ಅಂದಿದ್ರೆ ಮತ್ತೆ ಬರೋಕೆ ನನಗೇನ್ ನೆಪ ಇತ್ತು?"

"ಸುಮ್ನೆ ಬರ್ತೀನಿ ಅಂತ ಬರಬಹುದಿತ್ತಲ್ಲ!"

"ಅಷ್ಟು ಧೈರ್ಯ ಇದ್ದಿದ್ರೆ ಹಲ್ಲು ಯಾಕೆ ಮಾಡ್ತಿದ್ದೆ? ಹಲ್ಲು ಕೀಳೋ ಡಾಕ್ಟರೇ ಆಗ್ತಿದ್ದೆ."

ಅವನು ತಮಾಷೆಗೆ ಹೇಳಿದ್ದಲ್ಲ. ಮುಖ ನೋಡಿದರೆ ಈಗಲೋ ಆಗಲೋ ಅಳುವವನ ಹಾಗಿದ್ದ. ಚಿಹಾರು ಸಿಟ್ಟನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳಲು ನೋಡಿದಳು. ಆರು ತಿಂಗಳ ಸಿಟ್ಟು, ಆರು ವರ್ಷ ಉಳಿಯಬೇಕಾದದ್ದು. ಹಾಳಾದ್ದು ಕೈಯಲ್ಲಿ ನಿಲ್ಲಲೇ ಇಲ್ಲ. ಇವನು ನೆಪ ಹುಡುಕಿದ್ದ, ಅವಳು ನಿಂಬೆಸಿಪ್ಪೆ ಉಜ್ಜಿದ್ದಳು. ಇಬ್ಬರಲ್ಲಿ ಯಾರು ಹೆಚ್ಚು ಪೆದ್ದರು ಎಂದು ಹೇಳುವುದು ಕಷ್ಟವಿತ್ತು.

"ತಪ್ಪಿಗೆ ದಂಡ ಇದೆ," ಎಂದಳು.

"ಹೇಳಿ."

"ನನ್ನ ಕಿಟಕೀಲಿ ನೇತಾಡ್ತಿರೋ ತಪ್ಪು ಹಸಿರೆಲ್ಲ ನಿಮ್ಮದೇ. ಒಂದೊಂದಕ್ಕೂ ಒಂದೊಂದು ಕಾರು ಕಟ್ಬೇಕು. ನನ್ನ ಅಂಗಡಿ ಬೆಂಚಲ್ಲೇ ಕೂತು."

ಅವನು ಲೆಕ್ಕ ಹಾಕುವವನ ಹಾಗೆ ಕಣ್ಣು ಮಿಟುಕಿಸಿದ. "ಅಷ್ಟೂ ಕಾರಿಗೆ ವರ್ಷಗಳೇ ಬೇಕು."

"ಮುಗಿದ್ರೆ ಇನ್ನೊಂದಷ್ಟು ತಪ್ಪು ಬೆರೆಸ್ತೀನಿ. ನನಗೂ ಬರುತ್ತೆ."

ಅರ್ಥವಾಗಲು ಅವನಿಗೆ ಒಂದು ಗಳಿಗೆ ಹಿಡಿಯಿತು. ಆದದ್ದೇ ತಡ, ಕಿವಿಗಳೆರಡೂ ಕೆಂಪಾದವು. ಅದನ್ನು ನೋಡಿ ಚಿಹಾರುವಿಗೆ ನಗು ತಡೆಯಲಾಗಲಿಲ್ಲ. ಅಭ್ಯಾಸಬಲದಿಂದ ಅಂಗೈ ಬಾಯಿಯತ್ತ ಎದ್ದಿತು.

"ಮುಚ್ಕೋಬೇಡಿ," ಎಂದ ಮಕಿನೊ. ಹೇಳಿದ ಮೇಲೆ ತಾನೇ ಬೆಚ್ಚಿದ. ಆದರೂ ಈ ಸಲ ನೆಲ ನೋಡಲಿಲ್ಲ. "ಆ ಹಲ್ಲಿನ ಬಿಳಿ ನನ್ನ ಹತ್ರ ಇರೋ ಯಾವ ಬಿಳಿಗೂ ಹೊಂದಲ್ಲ. ಅವತ್ತಿಂದ ಬೆರೆಸಿ ಬೆರೆಸಿ ನೋಡ್ತಿದ್ದೀನಿ. ಆಗ್ತಾನೇ ಇಲ್ಲ."

ಚಿಹಾರುವಿನ ಕೈ ನಿಧಾನವಾಗಿ ಕೆಳಗಿಳಿಯಿತು. ಕಣ್ಣಲ್ಲಿ ನೀರಿತ್ತು, ಬಾಯ್ತುಂಬ ನಗುವಿತ್ತು, ವಾರೆ ಹಲ್ಲು ಬಿಸಿಲಿಗೆ ಕಾಣುತ್ತಿತ್ತು.

"ಬಿಡಿ ಮಕಿನೊಸಾನ್," ಎಂದಳು. "ಶನಿವಾರ ಬನ್ನಿ. ಇನ್ನೊಂದ್ಸಲ ನೋಡಿ."